ಐದು ಪದರಗಳಿಗೆ ಎಷ್ಟು ಆಯಾಮ?

ಎರಡು ತಿಂಗಳ ಕಾಲ ನಾನು 0.21 ಎಂಬ ಸಂಖ್ಯೆಯನ್ನು ನಂಬಲಿಲ್ಲ. ಐದೇ ಪರಮಾಣು ಪದರಗಳ ಒಂದು ಕಾಂತೀಯ ಫಿಲ್ಮನ್ನು, ಅಂದರೆ ಅತಿ ತೆಳುವಾದ ಲೋಹದ ಹಾಳೆಯನ್ನು, ಕಂಪ್ಯೂಟರಿನೊಳಗೆ ಕಟ್ಟಿ, ತಾಪಮಾನವನ್ನು ಸ್ವಲ್ಪಸ್ವಲ್ಪವೇ ಏರಿಸುತ್ತ, ಅದರ ಕಾಂತತ್ವ ಹೇಗೆ ಕರಗುತ್ತದೆ ಎಂದು ಅಳೆಯುತ್ತಿದ್ದೆ. ಕರಗುವ ರೀತಿಯನ್ನು ಹೇಳುವ ಘಾತಾಂಕ 0.125 ಬರಬೇಕಿತ್ತು, ಇಲ್ಲವೇ 0.326. ಮೊದಲನೆಯದು ಎರಡು ಆಯಾಮದ ಜಗತ್ತಿನದು, ಎರಡನೆಯದು ಮೂರು ಆಯಾಮದ್ದು. ನಡುವೆ ಇನ್ನೊಂದು ಮನೆಯಿಲ್ಲ ಎಂದೇ ಓದಿಕೊಂಡಿದ್ದೆ. ಆದರೆ ಪ್ರತಿ ಸಲ ಓಡಿಸಿದಾಗಲೂ ಬರುತ್ತಿದ್ದದ್ದು 0.21.

ಆ ಸಂಖ್ಯೆ ಸರಿಯಾಗಿಯೇ ಇತ್ತು. ನನ್ನ ಪ್ರಶ್ನೆ ತಪ್ಪಾಗಿತ್ತು. ಅದು ಹೇಗೆ ತಪ್ಪು ಎಂದು ಹೇಳಬೇಕಾದರೆ ವಿಷಯವನ್ನು ಬುಡದಿಂದಲೇ ತೆಗೆದುಕೊಳ್ಳಬೇಕು.

ಅಯಸ್ಕಾಂತವನ್ನು ಕಾಯಿಸಿದರೆ ಒಂದು ಹಂತದಲ್ಲಿ ಅದು ಅಯಸ್ಕಾಂತವಾಗಿ ಉಳಿಯುವುದಿಲ್ಲ. ಕಬ್ಬಿಣಕ್ಕೆ ಆ ಹಂತ 1043 ಕೆಲ್ವಿನ್, ಅಂದರೆ 770 ಡಿಗ್ರಿ ಸೆಲ್ಸಿಯಸ್. ನಿಕ್ಕಲ್‌ಗೆ ಸುಮಾರು 627 ಕೆಲ್ವಿನ್. ಇದನ್ನು ಕ್ಯೂರಿ ತಾಪಮಾನ ಎನ್ನುತ್ತೇವೆ. ಲೋಹವೇನೂ ಕರಗುವುದಿಲ್ಲ, ಪರಮಾಣುಗಳು ತಮ್ಮ ಜಾಗ ಬಿಟ್ಟು ಕದಲುವುದಿಲ್ಲ. ಪ್ರತಿ ಪರಮಾಣುವಿನಲ್ಲೂ ಇರುವ ಸ್ಪಿನ್ ಎಂಬ ಪುಟ್ಟ ಕಾಂತೀಯ ಬಾಣ ಪಕ್ಕದವರ ದಿಕ್ಕನ್ನು ಅನುಸರಿಸುವುದನ್ನು ಕೈಬಿಡುತ್ತದೆ, ಅಷ್ಟೆ. ಕ್ಯೂರಿ ತಾಪಮಾನಕ್ಕೆ ಇನ್ನೆಷ್ಟು ದೂರ ಉಳಿದಿದೆ ಎಂಬುದನ್ನು ಬೀಟಾ ಎಂಬ ಘಾತಾಂಕಕ್ಕೆ ಏರಿಸಿದರೆ ಅಲ್ಲಿ ಉಳಿದಿರುವ ಕಾಂತತ್ವ ಸಿಗುತ್ತದೆ. ನಾನು ಬೆನ್ನು ಹತ್ತಿದ್ದು ಈ ಬೀಟಾವನ್ನು.

ಈ ಘಾತಾಂಕ ಒಣ ಸಂಖ್ಯೆಯಂತೆ ಕಾಣುತ್ತದೆ. ಅದರೊಳಗಿನ ಚಿತ್ರ ಮಾತ್ರ ತುಂಬ ಚೆಲುವಾದದ್ದು. ಬೀಟಾ 0.125 ಎಂದರೆ ಎಂಟನೆಯ ಒಂದು. ಎರಡು ಆಯಾಮದ ಅಯಸ್ಕಾಂತದಲ್ಲಿ ಕಾಂತತ್ವ ಅರ್ಧಕ್ಕೆ ಇಳಿಯಬೇಕಾದರೆ ಕ್ಯೂರಿ ಬಿಂದುವಿಗಿರುವ ದೂರ 256ರಲ್ಲಿ ಒಂದು ಪಾಲಿಗೆ ಕುಗ್ಗಬೇಕು. ಮೂರು ಆಯಾಮದಲ್ಲಿ ಎಂಟೂವರೆಯಲ್ಲಿ ಒಂದು ಪಾಲಿನಷ್ಟು ಕುಗ್ಗಿದರೆ ಸಾಕು. ಎಂದರೆ ಚಪ್ಪಟೆ ಜಗತ್ತಿನ ಅಯಸ್ಕಾಂತ ಕೊನೆಯ ಗಳಿಗೆಯವರೆಗೂ ಬಿಗಿಯಾಗಿ ನಿಂತಿದ್ದು ಒಮ್ಮೆಲೇ ಕುಸಿಯುತ್ತದೆ. ದಪ್ಪ ಅಯಸ್ಕಾಂತ ಬಹಳ ಮುಂಚಿನಿಂದಲೇ ಸೋಲುತ್ತ ಬರುತ್ತದೆ.

ಇದನ್ನು ಅಭ್ಯಾಸ ಮಾಡಲು ನಾವು ಬಳಸುವ ಮಾದರಿ ನಂಬಲಾಗದಷ್ಟು ಸರಳ. ಚೌಕಳಿಯ ಪ್ರತಿ ಮೂಲೆಯಲ್ಲೂ ಒಂದು ಸ್ಪಿನ್. ಅದು ಮೇಲೆ ನೋಡುತ್ತದೆ, ಇಲ್ಲವೇ ಕೆಳಗೆ. ಪಕ್ಕದ ಸ್ಪಿನ್ ಅದೇ ದಿಕ್ಕಿನಲ್ಲಿದ್ದರೆ ಶಕ್ತಿ ಜೆ ಎಂಬಷ್ಟು ಕಡಿಮೆ, ವಿರುದ್ಧವಾಗಿದ್ದರೆ ಅಷ್ಟೇ ಹೆಚ್ಚು. 1920ರಲ್ಲಿ ಇದನ್ನು ಸೂಚಿಸಿದವರು ವಿಲ್ಹೆಲ್ಮ್ ಲೆನ್ಜ್. ಅವರ ವಿದ್ಯಾರ್ಥಿ ಅರ್ನ್ಸ್ಟ್ ಈಸಿಂಗ್ ಒಂದೇ ಸಾಲಿನ ಸ್ಪಿನ್‌ಗಳಿಗೆ ಲೆಕ್ಕ ಬಿಡಿಸಿ 1925ರಲ್ಲಿ ಪ್ರಕಟಿಸಿದರು. ಸಿಕ್ಕ ಉತ್ತರ ನಿರಾಶೆಯದು: ಸೊನ್ನೆಗಿಂತ ಮೇಲಿನ ಯಾವ ತಾಪಮಾನದಲ್ಲೂ ಆ ಸಾಲು ಅಯಸ್ಕಾಂತವಾಗುವುದಿಲ್ಲ. ಸಾಲಿನಲ್ಲಿ ಎಲ್ಲೋ ಒಂದು ಕಡೆ ದಿಕ್ಕು ತಿರುಗಿದರೆ ತೆರಬೇಕಾದದ್ದು ಒಂದೇ ಒಂದು ಕೊಂಡಿಯ ಶಕ್ತಿ. ಆ ತಿರುವು ಕೂರಲು ಜಾಗಗಳೋ ಲೆಕ್ಕವಿಲ್ಲದಷ್ಟು. ಗೊಂದಲ ಗೆಲ್ಲುತ್ತದೆ. ಹೆಚ್ಚಿನ ಆಯಾಮಗಳಲ್ಲೂ ಇದೇ ಗತಿ ಎಂದು ಈಸಿಂಗ್ ಭಾವಿಸಿದರು. ಆಮೇಲೆ ಅವರು ಸಂಶೋಧನೆಯಿಂದ ದೂರವಾದರು. 1933ರ ನಂತರ ಜರ್ಮನಿಯಲ್ಲಿ ಯಹೂದಿಯಾದ ಅವರಿಗೆ ಕೆಲಸ ಉಳಿಯಲಿಲ್ಲ, ಲಕ್ಸೆಂಬರ್ಗಿಗೆ ಹೋದರು, ಯುದ್ಧ ಮುಗಿದ ಮೇಲೆ ಅಮೆರಿಕ ಸೇರಿದರು. ತಮ್ಮ ಹೆಸರಿನ ಮಾದರಿ ಅಷ್ಟರಲ್ಲಿ ಪ್ರಸಿದ್ಧವಾಗಿಬಿಟ್ಟಿದೆ ಎಂದು ಅವರಿಗೆ ತಿಳಿದದ್ದು ಅಲ್ಲಿಗೆ ಹೋದ ಮೇಲೆ. ಈ ಸಂಗತಿಯನ್ನು ನೆನೆದಾಗಲೆಲ್ಲ ನನಗೆ ಗಂಟಲು ಕಟ್ಟುತ್ತದೆ. ತಪ್ಪು ಊಹೆಯೊಂದಿಗೆ ಮುಗಿದ ಒಂದು ಪ್ರಬಂಧ ಇಷ್ಟು ಜನರಿಗೆ ಕೆಲಸ ಕೊಟ್ಟ ಉದಾಹರಣೆ ನನಗೆ ಬೇರೆ ಗೊತ್ತಿಲ್ಲ.

ಆ ಊಹೆ ತಪ್ಪು ಎಂದು 1936ರಲ್ಲಿ ತೋರಿಸಿಕೊಟ್ಟವರು ರುಡಾಲ್ಫ್ ಪೈಯರ್ಲ್ಸ್. ಹಾಳೆಯಂಥ ಜಾಲಕದಲ್ಲಿ, ಅಂದರೆ ಸ್ಪಿನ್‌ಗಳ ಚೌಕಳಿಯಲ್ಲಿ, ವಿರುದ್ಧ ದಿಕ್ಕಿನ ಒಂದು ದ್ವೀಪ ಹುಟ್ಟಬೇಕಾದರೆ ಅದರ ಇಡೀ ಗಡಿಗೆ ಶಕ್ತಿ ತೆರಬೇಕು. ದ್ವೀಪ ದೊಡ್ಡದಾದಷ್ಟೂ ಗಡಿ ಉದ್ದ, ತೆರಿಗೆ ಹೆಚ್ಚು. ಹಾಗಾಗಿ ತಂಪಿನಲ್ಲಿ ಶಿಸ್ತು ಉಳಿಯುತ್ತದೆ. 1944ರಲ್ಲಿ ಲಾರ್ಸ್ ಆನ್ಸಾಗರ್ ಇದನ್ನು ಪೂರ್ತಿಯಾಗಿ ಬಿಡಿಸಿದರು. ತಾಪಮಾನವನ್ನು ಕೆಲ್ವಿನ್ ಬದಲು ಜೆ ಶಕ್ತಿಯ ಅಳತೆಯಲ್ಲಿ ಹೇಳಿದರೆ ಚೌಕಳಿ ಹಾಳೆಯ ಕ್ಯೂರಿ ತಾಪಮಾನ 2.269. ಆ ಎಂಟನೆಯ ಒಂದು ಘಾತಾಂಕಕ್ಕೆ ಸಿ. ಎನ್. ಯಾಂಗ್ 1952ರಲ್ಲಿ ಗಣಿತದ ಪುರಾವೆ ಪ್ರಕಟಿಸಿದರು. ಮೂರು ಆಯಾಮದ ಘನ ಜಾಲಕಕ್ಕೆ ಇಂದಿಗೂ ಇಂಥ ಪೂರ್ತಿ ಉತ್ತರವಿಲ್ಲ. ಕಂಪ್ಯೂಟರಿನಿಂದ ಸಿಕ್ಕ ಬೆಲೆ ಸುಮಾರು 4.51.

ಒಂದು ಹಾಳೆಗೆ 2.269, ಕೊನೆಯಿಲ್ಲದಷ್ಟು ಹಾಳೆಗಳನ್ನು ಜೋಡಿಸಿದರೆ 4.51. ಫಿಲ್ಮ್ ಬದುಕುವುದು ಈ ಎರಡರ ನಡುವೆ. ಎರಡು ಹಾಳೆ ಜೋಡಿಸಿದ ಕೂಡಲೇ 3.21ಕ್ಕೆ ಜಿಗಿಯುತ್ತದೆ, ಮೂರನೆಯದಕ್ಕೆ 3.64. ಆಮೇಲಿನ ಏರಿಕೆ ನಿಧಾನ. ಕಾರಣ ನೆರೆಹೊರೆ. ಒಂಟಿ ಹಾಳೆಯಲ್ಲಿ ಪ್ರತಿ ಸ್ಪಿನ್‌ಗೂ ನಾಲ್ವರು ನೆರೆಯವರು, ಗಟ್ಟಿ, ಅಂದರೆ ದಪ್ಪ ಲೋಹದ, ಒಳಗೆ ಆರು ಮಂದಿ, ಮೇಲ್ಮೈಯಲ್ಲಿ ಐವರು. ನೆರೆಯವರು ಕಡಿಮೆಯಾದಷ್ಟೂ ಸ್ಪಿನ್ ಬೇಗ ದಾರಿ ತಪ್ಪುತ್ತದೆ.

ಇಲ್ಲಿ ಒಂದು ಲೆಕ್ಕವನ್ನು ಹೇಳದೆ ಮುಂದೆ ಹೋಗಲು ಮನಸ್ಸಾಗುತ್ತಿಲ್ಲ. ಪ್ರತಿ ಸ್ಪಿನ್ ತನ್ನ ನೆರೆಯವರ ಸರಾಸರಿಯನ್ನು ಮಾತ್ರ ನೋಡುತ್ತದೆ, ಅವರ ಏರುಪೇರುಗಳನ್ನು ಗಮನಿಸುವುದಿಲ್ಲ ಎಂದುಕೊಳ್ಳೋಣ. ಒರಟಾದ ಅಂದಾಜು, ನಿಜ. ಆಗ ಪದರದಿಂದ ಪದರಕ್ಕೆ ಕಾಂತತ್ವ ಬದಲಾಗುವ ಸಮೀಕರಣವು ಎರಡೂ ತುದಿಯಲ್ಲಿ ಬಿಗಿದ ತಂತಿಯ ಸಮೀಕರಣವೇ ಆಗಿಬಿಡುತ್ತದೆ. ಕ್ಯೂರಿ ಬಿಂದುವಿನ ಬಳಿ ಫಿಲ್ಮಿನ ಅಡ್ಡಕೊಯ್ತದಲ್ಲಿ ಕಾಂತತ್ವ ತಂತಿಯ ಮೂಲಸ್ವರದಂತೆ ಕಮಾನು ಬಾಗಿ ನಿಲ್ಲುತ್ತದೆ: ನಡುವೆ ಹೆಚ್ಚು, ಅಂಚಿನಲ್ಲಿ ಕಡಿಮೆ. ತಂತಿ ಬಿಗಿದ ಜಾಗ ಮೇಲ್ಮೈ ಪದರವಲ್ಲ, ಅದರಿಂದ ಒಂದು ಪದರದಷ್ಟು ಆಚೆ, ಸ್ಪಿನ್‌ಗಳೇ ಇಲ್ಲದ ಖಾಲಿಯಲ್ಲಿ. ಕ್ಯೂರಿ ತಾಪಮಾನ ಒಂದು ಪದರಕ್ಕೆ 4, ಎರಡಕ್ಕೆ 5, ಮೂರಕ್ಕೆ 5.41, ಹೀಗೆ ಏರುತ್ತ 6ಕ್ಕೆ ಹೋಗಿ ನಿಲ್ಲುತ್ತದೆ. ನಿಜವಾದ ಬೆಲೆಗಳ ಪಕ್ಕದಲ್ಲಿಟ್ಟರೆ ಪ್ರತಿಯೊಂದೂ ತಪ್ಪು. ಗಮನಿಸಬೇಕಾದದ್ದು ತಪ್ಪಿನ ಅಳತೆಯನ್ನು. ಗಟ್ಟಿಗೆ 6ರ ಬದಲು 4.51, ಅಂದರೆ ಅಂದಾಜಿನ ಮುಕ್ಕಾಲು ಭಾಗ ಉಳಿಯಿತು. ಒಂಟಿ ಹಾಳೆಗೆ 4ರ ಬದಲು 2.269, ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ನಾವು ಕಡೆಗಣಿಸಿದ ಆ ಏರುಪೇರುಗಳು ತೆಳುವಾದಷ್ಟೂ ಬಲವಾಗುತ್ತವೆ. ನೆರೆಯವರ ಸಂಖ್ಯೆ ಕಡಿಮೆಯಾಗುವುದು ಒಂದು ನಷ್ಟ. ಉಳಿದ ನೆರೆಯವರನ್ನು ನಂಬಲಾಗದಂತಾಗುವುದು ಅದರ ಮೇಲಿನ ಇನ್ನೊಂದು ನಷ್ಟ.

ನನ್ನ ಫಿಲ್ಮಿಗೆ ಮರಳುತ್ತೇನೆ. ಅಗಲ 128, ಉದ್ದ 128, ದಪ್ಪ 5. ಒಟ್ಟು 81,920 ಸ್ಪಿನ್‌ಗಳು. ಅವು ನಿಲ್ಲಬಹುದಾದ ವಿನ್ಯಾಸಗಳನ್ನು ಎಣಿಸಿದರೆ ಸುಮಾರು 24,660 ಅಂಕೆಗಳಷ್ಟು ಉದ್ದದ ಸಂಖ್ಯೆ ಬರುತ್ತದೆ. ಎಲ್ಲವನ್ನೂ ನೋಡುವುದು ಆಗದ ಮಾತು. 1953ರಲ್ಲಿ ಮೆಟ್ರೊಪೊಲಿಸ್ ಮತ್ತು ಜೊತೆಗಾರರು ತೋರಿಸಿದ ದಾರಿಯಲ್ಲಿ ನಡೆಯಬೇಕು. ಒಂದು ಸ್ಪಿನ್ ಆರಿಸಿ, ತಿರುಗಿಸಿದರೆ ಶಕ್ತಿ ಎಷ್ಟು ಬದಲಾಗುತ್ತದೆ ಎಂದು ನೋಡುವುದು. ಕಡಿಮೆಯಾಗುವುದಾದರೆ ತಿರುಗಿಸುವುದು. ಹೆಚ್ಚಾಗುವುದಾದರೆ ತಾಪಮಾನ ನಿಗದಿ ಮಾಡಿದ ಸಂಭವನೀಯತೆಯಂತೆ ಕೆಲವೊಮ್ಮೆ ಮಾತ್ರ ತಿರುಗಿಸುವುದು. ಇದನ್ನು ಕೋಟ್ಯಂತರ ಸಲ ಮಾಡಿದರೆ ಜಾಲಕ ತಾನಾಗಿ ಆ ತಾಪಮಾನದ ಬದುಕನ್ನು ಬದುಕತೊಡಗುತ್ತದೆ. ಪರದೆಯ ಮೇಲೆ ಕಪ್ಪುಬಿಳುಪಾಗಿ ಅದನ್ನು ನೋಡುತ್ತ ಕುಳಿತ ಮೊದಲ ರಾತ್ರಿ ನನಗೆ ಸಮಯದ ಪರಿವೆ ಇರಲಿಲ್ಲ. ತಂಪಿನಲ್ಲಿ ಒಂದೇ ಬಣ್ಣ, ಅಲ್ಲಲ್ಲಿ ಚುಕ್ಕೆ. ಬಿಸಿಯಲ್ಲಿ ಬರೀ ಮರಳು. ಕ್ಯೂರಿ ಬಿಂದುವಿನಲ್ಲಿ ಮಾತ್ರ ಎಲ್ಲ ಗಾತ್ರದ ದ್ವೀಪಗಳು, ದ್ವೀಪದೊಳಗೆ ಕೆರೆ, ಕೆರೆಯೊಳಗೆ ಮತ್ತೆ ದ್ವೀಪ.

ಆ ದ್ವೀಪಗಳ ಗಾತ್ರವೇ ನನ್ನ 0.21ರ ಬೀಗದ ಕೈ. ಆಗ ಅದು ಹೊಳೆಯಲಿಲ್ಲ.

ಮೊದಲು ಪ್ರೋಗ್ರಾಮಿನಲ್ಲಿ ದೋಷ ಹುಡುಕಿದೆ. ಮೇಲಿನ ಪದರದ ಸ್ಪಿನ್ ಅರಿವಿಲ್ಲದೆ ಕೆಳಗಿನ ಪದರದ ನೆರೆಯವನಾಗಿಬಿಟ್ಟಿದೆಯೇ ಎಂದು ಪರೀಕ್ಷಿಸಿದೆ. ಆಗಿರಲಿಲ್ಲ. ದಪ್ಪವನ್ನು ಒಂದಕ್ಕೆ ಇಳಿಸಿ ಓಡಿಸಿದಾಗ 0.125 ಚೊಕ್ಕವಾಗಿ ಬಂತು. ಹಾಗಾದರೆ ಇದೊಂದು ಹೊಸ ಸಂಗತಿಯೇ ಇರಬೇಕು ಎಂಬ ಆಸೆ ಚಿಗುರಿತು. ಆ ಆಸೆಗೆ ನೀರೆರೆಯುವ ಒಂದು ಸಂಖ್ಯೆಯೂ ಸಿಕ್ಕಿತು. ಸ್ಪಿನ್‌ಗಳು ಮೇಲೆ-ಕೆಳಗೆ ನೋಡುವ ಬದಲು ಹಾಳೆಯ ಸಮತಲದಲ್ಲಿ ಯಾವ ದಿಕ್ಕಿಗಾದರೂ ತಿರುಗಬಹುದಾದ ಮಾದರಿಯೊಂದಿದೆ. ಬೆರೆಜಿನ್‌ಸ್ಕಿ, ಕಾಸ್ಟರ್ಲಿಟ್ಜ್, ಥೌಲೆಸ್ ಅದರಲ್ಲಿ ಸುಳಿಗಳಿಂದಾಗುವ ಬೇರೊಂದು ಬಗೆಯ ಸ್ಥಿತ್ಯಂತರವನ್ನು ಕಂಡಿದ್ದರು. ಕೊನೆಯ ಇಬ್ಬರಿಗೆ 2016ರ ನೊಬೆಲ್‌ನಲ್ಲಿ ಪಾಲು ಸಿಕ್ಕಿತು. ಅಂಥ ಫಿಲ್ಮಿನ ಗಾತ್ರ ಮಿತವಾಗಿದ್ದರೆ ಸುಮಾರು 0.23ರ ಘಾತಾಂಕ ಕಾಣಿಸಿಕೊಳ್ಳುತ್ತದೆ ಎಂದು ಬ್ರ್ಯಾಮ್‌ವೆಲ್ ಮತ್ತು ಹೋಲ್ಡ್ಸ್‌ವರ್ತ್ 1993ರಲ್ಲಿ ತೋರಿಸಿದ್ದರು. 0.21ಕ್ಕೂ 0.23ಕ್ಕೂ ಎಷ್ಟು ಅಂತರ? ಒಂದು ವಾರ ಇದೇ ಗುಂಗಿನಲ್ಲಿದ್ದೆ. ಆದರೆ ನನ್ನ ಸ್ಪಿನ್‌ಗಳಿಗೆ ಇರುವುದು ಎರಡೇ ದಿಕ್ಕು. ಅವು ಸುಳಿ ಸುತ್ತಲಾರವು. ಹತ್ತಿರದ ಸಂಖ್ಯೆ ಕಂಡಾಗ ಕಾರಣವೂ ಹತ್ತಿರದ್ದೇ ಎಂದುಕೊಂಡಿದ್ದೆ.

ಘಾತಾಂಕವನ್ನು ನಾನು ಓದುತ್ತಿದ್ದದ್ದು ಲಾಗರಿದಮ್ ನಕ್ಷೆಯಲ್ಲಿ ಕಾಂತತ್ವದ ಗೆರೆಯ ಇಳಿಜಾರಿನಿಂದ. ಕೊನೆಗೆ ದಾರಿ ತೋರಿಸಿದ್ದು ನನಗಿಂತ ಹಿರಿಯರಾದ ಒಬ್ಬರು ಕೇಳಿದ ಚಿಕ್ಕ ಪ್ರಶ್ನೆ: "ಇಳಿಜಾರನ್ನು ಎಲ್ಲಿಂದ ಎಲ್ಲಿಯವರೆಗೆ ಅಳೆದಿರಿ?" ಕ್ಯೂರಿ ಬಿಂದುವಿಗಿಂತ ಶೇಕಡ 10 ಕೆಳಗಿನಿಂದ ಶೇಕಡ 1 ಕೆಳಗಿನವರೆಗೆ ಎಂದೆ. "ಆ ವ್ಯಾಪ್ತಿಯಲ್ಲಿ ದ್ವೀಪ ಎಷ್ಟು ದೊಡ್ಡದು?" ನನ್ನ ಬಳಿ ಉತ್ತರವಿರಲಿಲ್ಲ. ಅಳೆದೇ ಇರಲಿಲ್ಲ.

ಒಂದು ಸ್ಪಿನ್ ತಿರುಗಿದರೆ ಅದರ ಸುದ್ದಿ ಎಷ್ಟು ದೂರದವರೆಗೆ ಮುಟ್ಟುತ್ತದೆ ಎಂಬುದಕ್ಕೆ ಸಹಸಂಬಂಧದ ದೂರ ಎನ್ನುತ್ತಾರೆ. ದ್ವೀಪಗಳ ಗಾತ್ರವೆಂದರೆ ಸರಿಸುಮಾರು ಅದೇ. ಕ್ಯೂರಿ ಬಿಂದುವಿನಿಂದ ದೂರವಿದ್ದಾಗ ಅದು ಒಂದೆರಡು ಪರಮಾಣುಗಳಷ್ಟು. ಹತ್ತಿರವಾದಂತೆ ಬೆಳೆಯುತ್ತ ಹೋಗಿ ಕೊನೆಗೆ ಮಿತಿಯೇ ಇಲ್ಲದಂತಾಗುತ್ತದೆ. ಐದು ಪದರದ ಫಿಲ್ಮಿನ ನಡುವೆ ಕುಳಿತ ಸ್ಪಿನ್‌ನ ಕಡೆಯಿಂದ ನೋಡಿ. ಸುದ್ದಿ ಎರಡೇ ಪರಮಾಣು ದೂರ ಹೋಗುವಾಗ ಅದಕ್ಕೆ ಫಿಲ್ಮಿನ ಮೇಲ್ಮೈ ಇರುವುದೇ ತಿಳಿಯದು. ತನ್ನ ಸುತ್ತ ಎಲ್ಲ ಕಡೆಗೂ ಲೋಹ ಹರಡಿದೆ ಎಂದೇ ಅದರ ತಿಳಿವಳಿಕೆ. ಅದು ಮೂರು ಆಯಾಮದ ಜೀವಿ. ಸುದ್ದಿ ಐವತ್ತು ಪರಮಾಣು ದೂರ ಹೋಗುವಾಗ ಮೇಲೂ ಕೆಳಗೂ ಗೋಡೆಗೆ ಬಡಿದು, ಉಳಿದದ್ದು ಅಗಲಕ್ಕೆ ಮಾತ್ರ ಹರಡುತ್ತದೆ. ಆಗ ಐದೂ ಪದರಗಳು ಒಂದೇ ದಪ್ಪ ಹಾಳೆಯಂತೆ ಒಟ್ಟಾಗಿ ತಿರುಗುತ್ತವೆ, ಐದೂ ಎಂಟನೆಯ ಒಂದು ಘಾತಾಂಕದಲ್ಲೇ ಕರಗುತ್ತವೆ.

ಎಂದರೆ "ಈ ಫಿಲ್ಮ್ ಎರಡು ಆಯಾಮದ್ದೋ ಮೂರರದ್ದೋ" ಎಂದು ಪದರ ಎಣಿಸಿ ಹೇಳಲಾಗದು. ಒಂದೇ ಫಿಲ್ಮ್ ಒಂದು ತಾಪಮಾನದಲ್ಲಿ ಮೂರಾಗಿ, ಇನ್ನೊಂದರಲ್ಲಿ ಎರಡಾಗಿ ನಡೆದುಕೊಳ್ಳುತ್ತದೆ. ನಾನು ಅಳೆದ ವ್ಯಾಪ್ತಿ ಈ ಬದಲಾವಣೆಯ ಸರಿಯಾದ ನಡುಮಧ್ಯದಲ್ಲಿತ್ತು. 0.21 ಎಂಬುದು ಫಿಲ್ಮಿನ ಘಾತಾಂಕವಲ್ಲ, ನಾನು ಆರಿಸಿದ ಕಿಟಕಿಯ ಘಾತಾಂಕ. ಕಿಟಕಿಯನ್ನು ಕಿರಿದು ಮಾಡಿ ಸ್ವಲ್ಪಸ್ವಲ್ಪವೇ ಕ್ಯೂರಿ ಬಿಂದುವಿನ ಕಡೆಗೆ ಸರಿಸಿದಾಗ ಇಳಿಜಾರು 0.125ರತ್ತ ಇಳಿಯತೊಡಗಿತು. ಪೂರ್ತಿ ತಲುಪುವ ಮೊದಲೇ 128ರ ಅಗಲ ಸಾಲದೆ ಹೋಯಿತು: ದ್ವೀಪಗಳು ಜಾಲಕದ ಅಂಚನ್ನು ಮುಟ್ಟುತ್ತಿದ್ದವು. ಅಗಲ ಹೆಚ್ಚಿಸಬೇಕಾಯಿತು. ಅಗಲ ಇಮ್ಮಡಿಯಾದರೆ ಮೆಟ್ರೊಪೊಲಿಸ್ ದಾರಿಯಲ್ಲಿ ಜಾಲಕ ತನ್ನ ಹಳೆಯ ವಿನ್ಯಾಸ ಮರೆಯಲು ಸುಮಾರು ನಾಲ್ಕೂವರೆ ಪಟ್ಟು ಹೆಚ್ಚು ಸುತ್ತು ಬೇಕು, ಒಂದೊಂದು ಸುತ್ತೂ ನಾಲ್ಕು ಪಟ್ಟು ದೊಡ್ಡದು. ಇಡೀ ದ್ವೀಪವನ್ನೇ ಒಮ್ಮೆಗೆ ತಿರುಗಿಸುವ ವುಲ್ಫ್ ಅವರ 1989ರ ವಿಧಾನ ಇಲ್ಲದಿದ್ದರೆ ನಾನು ಅಲ್ಲೇ ಕೈಚೆಲ್ಲುತ್ತಿದ್ದೆ.

ನಿಜವಾದ ಲೋಹಗಳಲ್ಲೂ ಹೀಗೆಯೇ ಆಗುತ್ತದೆಯೇ? ಆಗುತ್ತದೆ. ಟಂಗ್‌ಸ್ಟನ್ ಹರಳಿನ ಮೇಲೆ ಒಂದೊಂದೇ ಪದರವಾಗಿ ನಿಕ್ಕಲ್ ಬೆಳೆಸಿ ಅಳೆದ ಲೀ ಮತ್ತು ಬಾಬರ್ಷ್ಕೆ 1992ರಲ್ಲಿ ವರದಿ ಮಾಡಿದರು: ಐದರಿಂದ ಏಳು ಪದರಗಳ ಆಸುಪಾಸಿನಲ್ಲಿ ಘಾತಾಂಕ ಮೂರು ಆಯಾಮದ ಬೆಲೆಯಿಂದ ಎರಡರದಕ್ಕೆ ಹೊರಳುತ್ತದೆ. ಟಂಗ್‌ಸ್ಟನ್ ಮೇಲಿನ ಕಬ್ಬಿಣದ ಒಂದೇ ಪದರ ಸುಮಾರು 230 ಕೆಲ್ವಿನ್‌ನಲ್ಲಿ ಕಾಂತತ್ವ ಕಳೆದುಕೊಳ್ಳುತ್ತದೆ. ಗಟ್ಟಿ ಕಬ್ಬಿಣದ 1043ರ ಕಾಲು ಭಾಗಕ್ಕಿಂತಲೂ ಕಡಿಮೆ. ಅದು ಕರಗುವ ರೀತಿ ಮಾತ್ರ ಆನ್ಸಾಗರ್ ಹಾಳೆಯ ಘಾತಾಂಕಕ್ಕೆ ತೀರ ಹತ್ತಿರ. ಕಾಗದದ ಮೇಲೆ ಹುಟ್ಟಿದ ಎಂಟನೆಯ ಒಂದು, ಅರ್ಧ ಶತಮಾನದ ಬಳಿಕ, ಒಂದು ಪರಮಾಣು ದಪ್ಪದ ಕಬ್ಬಿಣದಲ್ಲಿ ಸಿಕ್ಕಿತು. ಹೀಗಿದ್ದರೂ ಲೋಹವನ್ನು ಮಾದರಿಗೆ ಸುಮ್ಮನೆ ಸಮ ಹಾಕುವುದನ್ನು ನಾನು ಒಪ್ಪುವುದಿಲ್ಲ. ಕೆಳಗಿನ ಹರಳು ಫಿಲ್ಮನ್ನು ಎಳೆದು ಹಿಗ್ಗಿಸುತ್ತದೆ, ಅದರ ಎಲೆಕ್ಟ್ರಾನುಗಳು ಫಿಲ್ಮಿನವರೊಂದಿಗೆ ಬೆರೆಯುತ್ತವೆ. ಜೆ ಎಂಬ ಆ ಒಂದು ಅಕ್ಷರವೇ ಪದರದಿಂದ ಪದರಕ್ಕೆ ಬೇರೆಯಾಗುತ್ತದೆ. ಕ್ಯೂರಿ ತಾಪಮಾನ ಇಂಥ ವಿವರಗಳಿಗೆಲ್ಲ ಬಾಗುತ್ತದೆ. ಘಾತಾಂಕ ಬಾಗುವುದಿಲ್ಲ.

ಇಲ್ಲಿ ಇನ್ನೊಂದು ಗಂಟಿದೆ. ನಿಜವಾದ ಸ್ಪಿನ್ ಮೇಲೆ-ಕೆಳಗೆ ಎಂಬ ಎರಡೇ ದಿಕ್ಕಿಗೆ ಕಟ್ಟುಬಿದ್ದಿಲ್ಲ, ಯಾವ ಕಡೆಗಾದರೂ ತಿರುಗಬಲ್ಲದು. ಅಂಥ ಸ್ಪಿನ್‌ಗಳ ಹಾಳೆಯೊಂದನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ನಿಧಾನವಾಗಿ ತಿರುಚಿದಿರಿ ಎನ್ನಿ. ಹಾಳೆ ದೊಡ್ಡದಾದಷ್ಟೂ ಪಕ್ಕಪಕ್ಕದ ಸ್ಪಿನ್‌ಗಳ ನಡುವಿನ ಕೋನ ಚಿಕ್ಕದಾಗುತ್ತದೆ, ಆದರೆ ಸ್ಪಿನ್‌ಗಳ ಸಂಖ್ಯೆ ಹೆಚ್ಚುತ್ತದೆ. ಎರಡು ಆಯಾಮದಲ್ಲಿ ಇವೆರಡೂ ಸರಿಯಾಗಿ ಒಂದನ್ನೊಂದು ತೂಗಿ, ತಿರುಚಲು ಬೇಕಾದ ಶಕ್ತಿ ಹಾಳೆಯ ಗಾತ್ರವನ್ನು ಅವಲಂಬಿಸುವುದೇ ಇಲ್ಲ. ಎಷ್ಟು ದೊಡ್ಡ ಹಾಳೆಯನ್ನಾದರೂ ಅಷ್ಟೇ ಬೆಲೆಗೆ ಕೆಡಿಸಬಹುದು. ಈ ತೂಗಾಟದ ನಿಖರ ರೂಪವನ್ನು 1966ರಲ್ಲಿ ಮರ್ಮಿನ್ ಮತ್ತು ವ್ಯಾಗ್ನರ್ ಸಾಧಿಸಿದರು: ಎಲ್ಲ ದಿಕ್ಕೂ ಸಮನಾಗಿರುವ, ಹತ್ತಿರದವರೊಂದಿಗೆ ಮಾತ್ರ ಮಾತಾಡುವ ಸ್ಪಿನ್‌ಗಳ ಹಾಳೆ ಸೊನ್ನೆಗಿಂತ ಮೇಲಿನ ಯಾವ ತಾಪಮಾನದಲ್ಲೂ ಅಯಸ್ಕಾಂತವಾಗದು. ಹಾಳೆ ಒಂದೇ ಆಗಬೇಕೆಂದೂ ಇಲ್ಲ. ನೂರು ಪದರವಿದ್ದರೂ ದಪ್ಪಕ್ಕೆ ಮಿತಿಯಿರುವವರೆಗೆ ಕಟ್ಟುನಿಟ್ಟಾಗಿ ಇದೇ ಮಾತು.

ಹಾಗಾದರೆ ಒಂದು ಪದರದ ಕಬ್ಬಿಣ ಅಯಸ್ಕಾಂತವಾದದ್ದು ಹೇಗೆ? ಹರಳಿಗೆ ದಿಕ್ಕಿನ ಒಲವು ಇರುವುದರಿಂದ. ಹರಳಿನ ಕೆಲವು ದಿಕ್ಕುಗಳು ಸ್ಪಿನ್‌ಗೆ ಉಳಿದವುಗಳಿಗಿಂತ ಸ್ವಲ್ಪ ಹಿತ. ಈ ಒಲವು ಜೆಗೆ ಹೋಲಿಸಿದರೆ ಸಾವಿರದಲ್ಲಿ ಒಂದು ಪಾಲಿನಷ್ಟಿದ್ದರೂ ಸಾಕು, ತಿರುಚುವಿಕೆಗೆ ತಡೆ ಬಿದ್ದು ಶಿಸ್ತು ನಿಲ್ಲುತ್ತದೆ. ಒಲವು ಸಾವಿರ ಪಟ್ಟು ಕುಗ್ಗಿದರೆ ಕ್ಯೂರಿ ತಾಪಮಾನವೂ ಸಾವಿರ ಪಟ್ಟು ಕುಗ್ಗುವುದಿಲ್ಲ. ಅದು ಇಳಿಯುವುದು ಲಾಗರಿದಮ್ಮಿನ ಮಂದಗತಿಯಲ್ಲಿ. ಇಷ್ಟು ಚಿಕ್ಕ ಒಲವಿಗೆ ಇಷ್ಟು ದೊಡ್ಡ ಜವಾಬ್ದಾರಿ ಇರುವುದು ಈ ವಿಷಯದಲ್ಲಿ ನನಗೆ ಅತ್ಯಂತ ಪ್ರಿಯವಾದ ಸಂಗತಿ. 2017ರಲ್ಲಿ ಕ್ರೋಮಿಯಂ ಟ್ರೈಅಯೊಡೈಡ್ ಹರಳಿನಿಂದ ಸುಲಿದ ಒಂದೇ ಪದರ 45 ಕೆಲ್ವಿನ್‌ವರೆಗೂ ಅಯಸ್ಕಾಂತವಾಗಿ ಉಳಿದದ್ದು ಇದೇ ಒಲವಿನ ಬಲದಿಂದ. ಅದರ ಗಟ್ಟಿ ಹರಳಿನ ಬೆಲೆ 61. ಕಬ್ಬಿಣದಂತೆ ಇದು ನಾಲ್ಕು ಪಟ್ಟು ಕುಸಿಯಲಿಲ್ಲ, ಏಕೆಂದರೆ ಅದರ ಪದರಗಳು ಗಟ್ಟಿಯಲ್ಲಿದ್ದಾಗಲೂ ಒಂದನ್ನೊಂದು ಹಿಡಿದುಕೊಂಡದ್ದು ಸಡಿಲವಾಗಿಯೇ.

ಈಗ ನಾನು ಇಪ್ಪತ್ತು ಪದರಗಳ ಫಿಲ್ಮನ್ನು ಓಡಿಸುತ್ತಿದ್ದೇನೆ. ಅಗಲ 512. ಒಟ್ಟು 52 ಲಕ್ಷಕ್ಕೂ ಹೆಚ್ಚು ಸ್ಪಿನ್‌ಗಳು. ಸಾಕಷ್ಟು ದಪ್ಪದ ಫಿಲ್ಮಿನಲ್ಲಿ ದಪ್ಪ ಇಮ್ಮಡಿಯಾದರೆ ಎರಡು ಆಯಾಮ ಕಾಣುವ ತಾಪಮಾನದ ಕಿಟಕಿ ಮೂರರಲ್ಲಿ ಒಂದು ಪಾಲಿಗೆ ಕುಗ್ಗುತ್ತದೆ. ಐದರಿಂದ ಇಪ್ಪತ್ತಕ್ಕೆ ಬಂದಾಗ ಅದು ಸುಮಾರು ಒಂಬತ್ತರಲ್ಲಿ ಒಂದು. ಕ್ಯೂರಿ ಬಿಂದುವಿಗೆ ಸಾವಿರದಲ್ಲಿ ಒಂದು ಪಾಲಿನಷ್ಟು ಹತ್ತಿರ ಹೋಗಿ, ಅದಕ್ಕಿಂತಲೂ ಸಣ್ಣ ಹೆಜ್ಜೆಗಳಲ್ಲಿ ತಾಪಮಾನ ಏರಿಸಬೇಕು. ದೂರದಲ್ಲಿ ಈ ಫಿಲ್ಮ್ ಪೂರ್ತಿ ಗಟ್ಟಿ ಲೋಹದಂತೆ ನಡೆದುಕೊಳ್ಳುತ್ತದೆ. ಅದರ ನಡುಪದರಗಳನ್ನು ಮಾತ್ರ ನೋಡಿದರೆ 0.32ರ ಆಸುಪಾಸು. ಆಮೇಲೆ ಇಳಿಜಾರು ಬಾಗತೊಡಗುತ್ತದೆ. ನಿನ್ನೆ ರಾತ್ರಿ ನೋಡಿದಾಗ 0.17ಕ್ಕೆ ಬಂದಿತ್ತು. ಈ ಸಲ ಪ್ರತಿ ಬೆಲೆಯ ಪಕ್ಕದಲ್ಲೂ ಕಿಟಕಿಯ ಎರಡು ತುದಿಗಳನ್ನು ಬರೆದಿಡುತ್ತಿದ್ದೇನೆ. ಇನ್ನೂ ಹತ್ತಿರಕ್ಕೆ ಹೋಗಲು ಅಗಲ 512 ಸಾಲದು. 1024ಕ್ಕೆ ಬೇಕಾದ ಬದಲಾವಣೆ ಮುಗಿದಿದೆ, ನಾಳೆ ಓಡಿಸಲು ಹಾಕುತ್ತೇನೆ.